ತಿಜೋರಿ ಹತ್ತಿದ ದಾರಿ

"ಹೈಸ್ಸಾ!" ಎಂದು ಹತ್ತು ಆಳುಗಳು ಒಂದೇ ಉಸಿರಿಗೆ ನೂಕಿದರು. ಹೊಸ ತಹಸೀಲ ಕಚೇರಿಯ ಏಳು ಮೆಟ್ಟಿಲುಗಳ ಮೇಲೆ ಕಲ್ಲು ಮಣ್ಣು ತುಂಬಿ ಮಾಡಿದ್ದ ಇಳಿಜಾರನ್ನು ನಿಜಾಮರ ಕಾಲದ ಕಬ್ಬಿಣದ ತಿಜೋರಿ ಗಡಗಡನೆ ಏರಿ ಒಳಗೆ ಹೋಯಿತು. ನೆರೆದ ಮಂದಿ ಸಿಳ್ಳೆ ಹೊಡೆದರು. ಕೆಳಗೆ ಚಕ್ರದ ಹಲಗೆಯ ಮೇಲೆ ಕುಳಿತಿದ್ದ ಗದ್ದೆಮ್ಮ ಇಳಿಜಾರಿನತ್ತ ಇನ್ನಷ್ಟು ಸರಿದಳು.

ಪೋಲಿಯೊದಿಂದ ಕಾಲು ಸೋತ ಅವಳು ಮಸ್ಕಿಯಿಂದ ಹಳೇ ಕಚೇರಿಗೆ ನಾಲ್ಕು ಸಲ ಬಂದಿದ್ದಳು. ಅಪ್ಪನ ಹೊಲದಲ್ಲಿ ತನ್ನ ಪಾಲು ಕೇಳುವ ಅರ್ಜಿಯನ್ನು ಪ್ರತಿ ಸಲವೂ ಮೆಟ್ಟಿಲ ಕೆಳಗೇ ಕೂತು ಜವಾನನ ಕೈಗೆ ಕೊಟ್ಟಿದ್ದಳು. "ಸಾಹೇಬ್ರು ನೋಡ್ತಾರಂತ" ಎಂದು ಅವನು ಹೊರಬರುತ್ತಿದ್ದ, ಅಷ್ಟೇ. ತಹಸೀಲ್ದಾರ ಸಾಹೇಬರೆದುರು ತಾನೇ ಬಾಯಿಬಿಟ್ಟು ಹೇಳಬೇಕೆಂದು, ಹೊಸ ಕಟ್ಟಡಕ್ಕಾದರೂ ಒಂದು ಇಳಿಜಾರು ಮಾಡು ಎಂದು ಮೇಸ್ತ್ರಿ ನರಸಣ್ಣನನ್ನು ಕೇಳಿದ್ದಳು. "ನಕ್ಷೆದಾಗ ಇಲ್ಲವ್ವಾ" ಎಂದಿದ್ದ.

ಸಾಹೇಬರು ಈಗ ಒಳಗೆ ತಿಜೋರಿಯ ಪಕ್ಕದಲ್ಲೇ ನಿಂತಿದ್ದರು. ಕೆಲಸ ಮುಗಿಯಿತೆಂದು ಇಳಿಜಾರು ಕೀಳಲು ನರಸಣ್ಣ ಹಾರೆ ಎತ್ತಿದ. ಗದ್ದೆಮ್ಮ ಎರಡೂ ಅಂಗೈ ನೆಲಕ್ಕೊತ್ತಿ ಹಲಗೆಯನ್ನು ಸರ್ರನೆ ಅದರ ಮೇಲೆ ಹತ್ತಿಸಿದಳು.

"ಏ ಗದ್ದೆಮ್ಮ, ಸರಿಬೇ! ಇದು ತಿಜೋರಿಗೆ ಮಾಡಿದ್ದು."

"ತಿಜೋರಿ ನಕ್ಷೆದಾಗ ಇತ್ತೇನೋ ಅಣ್ಣಾ?"

ಮಂದಿ ಗೊಳ್ಳೆಂದು ನಕ್ಕರು. "ಹತ್ತಬೇ ಯವ್ವಾ, ನಿನ್ನ ನೂಕಾಕ ಹತ್ತು ಮಂದಿ ಬೇಕಿಲ್ಲ!" ಎಂದು ಯಾರೋ ಕೂಗಿದರು. ಅಂಗೈ ಉರಿಯುತ್ತಿದ್ದರೂ ಅವಳು ನಿಲ್ಲಲಿಲ್ಲ. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿತು. ಒಳಗಿನಿಂದ ಸಾಹೇಬರು ತಿರುಗಿ ನೋಡುವಷ್ಟರಲ್ಲಿ ಹಿಂದೆ ಹಾರೆ ಠಣ್ಣನೆ ಬಿದ್ದ ಸದ್ದಾಯಿತು.

"ಸಿಮೆಂಟ್ ಕಲಸ್ರಲೇ," ಎಂದ ನರಸಣ್ಣ, "ಇದು ಇಲ್ಲೇ ಇರ್ಲಿ!"