ಕುರ್ಚಿ ಮೇಲಿನ ಕಟ್ಟು

"ಸರಾಸರಿ ನಲವತ್ತೆರಡು! ನಮ್ಮ ಹುಡುಗ ಗೆದ್ದ!" ಡಾರ್ಲೀನ್ ಪೆನ್ಸಿಲ್ ಕೆಳಗಿಟ್ಟಳು. ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡಗಳು ಇವತ್ತು ಸಂಜೆ ಅರವತ್ತು ಹುಡುಗರನ್ನು ಆರಿಸಿಕೊಳ್ಳಲಿದ್ದವು. ಯಾರು ಎಷ್ಟನೆಯವರಾಗಿ ಬರುತ್ತಾರೆಂದು ಬಲ್ಲವರು ಊಹಿಸಿ ಬರೆದ ಪಟ್ಟಿಗಳ ಪೈಕಿ ಒಂಬತ್ತರಲ್ಲಿ ಅವಳ ತಮ್ಮ ಕೀಶಾನ್‌ನ ಹೆಸರಿತ್ತು; ಆ ಒಂಬತ್ತು ಸ್ಥಾನಗಳನ್ನು ಕೂಡಿಸಿ ಅವಳು ಸರಾಸರಿ ತೆಗೆದಿದ್ದಳು. ಮೇಜಿನ ಮೇಲೆ ಕೇಕ್ ಕೂಡ ಬಂದು ಕೂತಿತ್ತು.

ಬೀನ್ಸ್ ಮುರಿಯುತ್ತಿದ್ದ ಅಜ್ಜಿ ಕತ್ತೆತ್ತಿದಳು. "ಲೆಕ್ಕದ ಮೇಡಮ್ಮೋರೇ, ಕುರ್ಚಿ ಮೇಲಿರೋ ಆ ಕಟ್ಟು ಏನು?"

"ಅದು ಬಿಡಜ್ಜಿ. ಉಳಿದ ಪಟ್ಟಿಗಳು, ಅವುಗಳಲ್ಲಿ ಇವನ ಹೆಸರೇ ಇಲ್ಲ. ಇಲ್ಲದ್ದನ್ನ ಹೇಗೆ ಕೂಡಿಸ್ಲಿ?"

"ಎಷ್ಟಿವೆ?"

ಡಾರ್ಲೀನ್ ಎಣಿಸಿದಳು. ಇಪ್ಪತ್ತೊಂದು. ಇನ್ನೊಂದು ಸಲ ಎಣಿಸಿದಳು.

ಕೀಶಾನ್ ಅವಳ ಕೈಯಿಂದ ಕಟ್ಟನ್ನು ಮೆಲ್ಲಗೆ ತೆಗೆದುಕೊಂಡು ಚಾಕು ಕೊಟ್ಟ. "ನಾನು ಹೋದ ವಾರಾನೇ ಎಣಿಸಿದ್ದೆ ಅಕ್ಕಾ. ಟಿವಿ ಹಾಕೋಕೆ ಮುಂಚೆ ಕೇಕ್ ತಿಂದ್ಬಿಡೋಣ."