ದೌಲತಬಿಯ ಬತ್ತಿ

"ನನ್ನ ಬತ್ತಿ ಕೈಕೊಡ್ತು ಅಂದಾವ್ರು ಯಾರ್ರಿ?"

ಭಾಂಡುಪಿನ ಉಪ್ಪಿನಾಗರದ ಬದುವಿನ ಮೇಲೆ, ಬುರ್ಖಾದ ಅಂಚು ಎತ್ತಿ ಹಿಡಿದು ದಾಪುಗಾಲು ಹಾಕುತ್ತ ಬಂದ ದೌಲತಬಿಯನ್ನು ಕಂಡು ಮುರಿಗೆಪ್ಪನೂ ಆಕೆಯ ಮಗ ಉಸ್ಮಾನನೂ ಗಡಬಡಿಸಿ ಎದ್ದು ನಿಂತರು. ವಡಾಲದಿಂದ ಹೊರಟು, ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ, ಒಬ್ಬಳೇ ಬಂದಿದ್ದಳು ಪುಣ್ಯಾತ್ಗಿತ್ತಿ. ಅವರಿಬ್ಬರ ನಡುವೆ ಕಬ್ಬಿಣದ ಸಲಾಕೆಗೆ ಆತುಕೊಂಡು ಎದೆಮಟ್ಟದ ರಾಕೆಟ್ಟೊಂದು ನಿಂತಿತ್ತು. ರಟ್ಟಿನ ಕೊಳವೆ, ತಗಡಿನ ರೆಕ್ಕೆ, ಬುಡದಲ್ಲಿ ನಾಲ್ಕು ಎಂಜಿನ್ನು.

ಮುರಿಗೆಪ್ಪ ಬೈಲಹೊಂಗಲದವನು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿಯ ಜೊತೆ ಪೇಪರಿನಲ್ಲಿ ಒಂದು ಚಿತ್ರ ಬಂದಿತ್ತು. ಒಂದೇ ರಾಕೆಟ್ಟಿನ ಬುಡಕ್ಕೆ ಐದು ಎಂಜಿನ್ನು! ಅಂದಿನಿಂದ ಈ ಮನುಷ್ಯನಿಗೆ ಬೇರೆ ಧ್ಯಾನವಿಲ್ಲ. ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುವ ಉಸ್ಮಾನನದು ವಿಜಾಪುರದ ಮದ್ದಿನ ಮನೆತನ, ಉರುಸಿಗೆ ಮದುವೆಗೆ ಬಾಣ ಬಿರುಸು ಕಟ್ಟಿದವರು. ಎಂಜಿನ್ನಿಗೆ ಮದ್ದು ತುಂಬಿದವನು ಅವನು, ಬತ್ತಿ ಹೊಸೆದವಳು ಅವನ ತಾಯಿ. ನಾಲ್ಕೂ ಎಂಜಿನ್ನು ಒಂದೇ ಗಳಿಗೆಗೆ ಹತ್ತಿಕೊಳ್ಳಬೇಕು, ಒಂದು ಹಿಂದುಳಿದರೂ ರಾಕೆಟ್ಟು ವಾಲುತ್ತದೆ. ಎರಡು ಭಾನುವಾರ ಹಾಗೇ ಆಗಿ ಎರಡು ರಾಕೆಟ್ಟು ಕೆಸರಿಗೆ ಮೂತಿ ತೂರಿಸಿದ್ದವು.

"ನಾನೇ ಅಂದೆನ್ರಿ ಅವ್ವಾ," ಮುರಿಗೆಪ್ಪ ತಲೆ ಕೆರೆದುಕೊಂಡ. "ಡ್ರಾಯಿಂಗ್ ತಪ್ಪಿಲ್ಲ, ತೂಕ ತಪ್ಪಿಲ್ಲ. ಉಳದದ್ದು ಬತ್ತಿ ಒಂದ. ಇವತ್ತೂ ಹಂಗ ಆತಂದ್ರ ಬತ್ತಿ ಬಿಟ್ಟು ಬ್ಯಾಟರಿ, ವಾಯರ್ ಹಚ್ಚತೀನಿ."

"ಒಂಬತ್ತು ವರ್ಷದಾಕಿ ಇದ್ದಾಗಿಂದ ಹೊಸೀತೀನಿ. ನಮ್ಮ ಮಾವ, ನಮ್ಮ ಮನೀಯವರು, ಒಬ್ರರ ಒಂದಿನ ನನ್ನ ಬತ್ತಿಗೆ ಹೆಸರಿಟ್ಟಿಲ್ಲ! ಈಗ ಮುಪ್ಪಿನ್ಯಾಗ ನನ್ನ ಕೈ ಸುಳ್ಳಾತೇನು?" ದೌಲತಬಿಯ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು.

"ಅಮ್ಮಾ, ಚಲ್, ಘರ್ ಚಲ್," ಉಸ್ಮಾನ ಮುಜುಗರದಿಂದ ಆಕೆಯ ತೋಳು ಹಿಡಿದ. "ಬಾಣ ಹಾರಸೋ ಕಡೆ ಹೆಂಗಸರು ಬರೂ ಪದ್ಧತಿ ಇಲ್ಲ ನಮ್ಮಲ್ಲಿ."

ಪದ್ಧತಿಯೇನೋ ನಿಜ. ಬತ್ತಿ ಹೊಸೆಯುವುದು, ಕತ್ತರಿಸುವುದು ಹೆಂಗಸರ ಕೆಲಸ, ಅದೂ ಒಳಮನೆಯಲ್ಲಿ. ಹಾರಿಸುವುದು ಗಂಡಸರದು, ಮೈದಾನದಲ್ಲಿ. ನಲವತ್ತೈದು ವರ್ಷ ಬತ್ತಿ ಹೊಸೆದ ಹೆಂಗಸು ತನ್ನ ಬತ್ತಿಯ ಒಂದೇ ಒಂದು ಬಾಣ ಏರಿದ್ದನ್ನೂ ಕಂಡವಳಲ್ಲ.

"ಪದ್ಧತಿ ನನಗ ಕಲಸಬ್ಯಾಡ," ಎಂದು ಮಗನ ಕೈ ಕೊಡವಿ ದೌಲತಬಿ ಮೊಣಕಾಲೂರಿ ಕುಳಿತಳು. ರಾಕೆಟ್ಟಿನ ಬುಡದ ನಾಲ್ಕೂ ಬತ್ತಿಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದಳು. "ಇವನ್ನ ಹೆಂಗ ಕತ್ತರಿಸೀರಿ?"

ಮುರಿಗೆಪ್ಪ ಅಭಿಮಾನದಿಂದ ಜೇಬಿನ ಉಕ್ಕಿನ ಸ್ಕೇಲು ತೆಗೆದ. "ಒಂದ ಉದ್ದನ ಬತ್ತಿಯೊಳಗ ನಾಕು ತುಂಡು. ನಾಕೂ ಬರೋಬ್ಬರಿ ಮೂರಿಂಚು. ಕೂದಲಷ್ಟೂ ಫರಕಿಲ್ಲ ನೋಡ್ರಿ."

"ಅಯ್ಯ ನನ್ನ ಖುದಾ!" ದೌಲತಬಿ ಹಣೆ ಬಡಿದುಕೊಂಡಳು. ಸಾಹೇಬ್ರು ಎನ್ನುವ ಮರ್ಯಾದೆಯೂ ಮರೆತುಹೋಯಿತು. "ಏ ತಮ್ಮಾ, ಬತ್ತಿಗೆ ಹಸೀ ಮದ್ದು ಬಳದು ಹಗ್ಗಕ್ಕ ಇಳಿಬಿಡ್ತೀವಿ. ಒಣಗೂತನಕ ಮದ್ದು ಕೆಳಗ ಜಾರತೈತಿ. ಮ್ಯಾಲಿನ ತುದಿ ತೆಳ್ಳಗ, ಕೆಳಗಿನ ತುದಿ ದಪ್ಪ. ಒಂದು ತುಂಡು ಸೊರ್ರ್ ಅಂತ ಓಡತೈತಿ, ಇನ್ನೊಂದು ಕುಂತ ಸುಡತೈತಿ. ನಾಕು ಬೇಕಂದ್ರ ನಾಕು ಬತ್ತಿ ತಗೊಂಡು, ನಾಕರದೂ ಬುಡದ ತುದಿ ಕತ್ತರಿಸಬೇಕು. ನಿನ್ನ ಪಟ್ಟಿಗೆ ಏನ ತಿಳೀತೈತಿ ಇದು?"

ಮುರಿಗೆಪ್ಪ ಉಸ್ಮಾನನತ್ತ ತಿರುಗಿದ. "ಇದನ್ನ ನೀ ಯಾಕ ಹೇಳಲಿಲ್ಲೋ?"

"ನಾ ಎಂದರ ಬತ್ತಿ ಕತ್ತರಿಸೀನೇನ್ರಿ ಸಾಹೇಬ್ರ? ಅದು ಒಳಮನೀ ಕೆಲಸ."

"ಕೇಳಿದ್ರ ನಾ ಹೇಳತಿದ್ದೆ," ಎಂದಳು ದೌಲತಬಿ. "ಕೇಳಿದಾವ್ರು ಯಾರು?"

ಬುರ್ಖಾದೊಳಗಿಂದ ಬಟ್ಟೆಯ ಗಂಟು ಹೊರಬಂತು, ಅದರೊಳಗೆ ಬತ್ತಿಯ ಕಟ್ಟು, ಪುಟ್ಟ ಕತ್ತರಿ. ನಾಲ್ಕು ಬತ್ತಿ ಜೋಡಿಸಿ, ಬೆರಳ ಗೆಣ್ಣಿನಲ್ಲಿ ಅಳೆದು ಒಂದೇ ಏಟಿಗೆ ಕತ್ತರಿಸಿದಳು. ಹಳೆಯವನ್ನು ಕಿತ್ತು ಹೊಸವನ್ನು ತಾನೇ ಕೂಡಿಸಿ, ಹೊರಗುಳಿದ ತುದಿಗಳನ್ನು ಒಟ್ಟಿಗೆ ಹುರಿ ಮಾಡಿದಳು. ಮುರಿಗೆಪ್ಪ ಸ್ಕೇಲನ್ನು ಜೇಬಿಗಿಳಿಸಿದ.

"ಹಚ್ಚು ಉಸ್ಮಾನಾ. ಇದೂ ವಾಲಿತಂದ್ರ ಇವತ್ತಿಗೆ ನಾ ಬತ್ತಿ ಮುಟ್ಟೂದು ಬಿಟ್ಟೆ," ಎಂದಳು ದೌಲತಬಿ. ಅದು ತಮಾಷೆಯ ಮಾತಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

ಉಸ್ಮಾನ ಉದ್ದ ಕೋಲಿಗೆ ಕಟ್ಟಿದ ಊದಿನಕಡ್ಡಿ ತಾಗಿಸಿ ಓಡಿಬಂದು ಬದುವಿನ ಮರೆಗೆ ಬಿದ್ದ. "ಅಮ್ಮಾ, ತಲಿ ಬಗ್ಗಸು!" ಆಕೆ ಬಗ್ಗಿಸಲಿಲ್ಲ. ಒಂದು ಕಿಡಿ ನಾಲ್ಕಾಯಿತು, ನಾಲ್ಕೂ ಕೂಡಿಯೇ ಓಡಿದವು. ಆಮೇಲೆ ಕೇಳಿದ್ದು ನಾಲ್ಕು ಸದ್ದಲ್ಲ, ಒಂದೇ. ನೆಲ ಅದುರಿತು. ರಾಕೆಟ್ಟು ಸಲಾಕೆ ಬಿಟ್ಟು ನೆಟ್ಟಗೆ, ಎಳ್ಳಷ್ಟೂ ವಾಲದೆ, ಬಿಳಿಯ ಹೊಗೆಯ ಗೆರೆ ಎಳೆಯುತ್ತ ಏರಿತು. ಏರಿತು, ಏರುತ್ತಲೇ ಹೋಯಿತು! ದೂರದಲ್ಲಿ ಹಾಯುತ್ತಿದ್ದ ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದವರೆಲ್ಲ ಕತ್ತು ಮೇಲೆತ್ತಿದರು. ಎತ್ತರದ ಲೆಕ್ಕ ಹಾಕಲೆಂದೇ ಗಡಿಯಾರ ಹಿಡಿದಿದ್ದ ಮುರಿಗೆಪ್ಪ ಅದನ್ನು ನೋಡುವುದನ್ನೇ ಮರೆತ.

"ಅವ್ವಾ, ನಾಕೂ ಒಂದ ಸಲ! ತಪ್ಪು ನಂದ್ರಿ, ನಿಮ್ಮ ಬತ್ತೀದಲ್ಲ!" ಎಂದು ಕೂಗಿದ.

ದೌಲತಬಿಗೆ ಅದು ಕೇಳಿಸಲಿಲ್ಲ. ಮುಖದ ಪರದೆ ಯಾವಾಗಲೋ ಹಿಂದಕ್ಕೆ ಸರಿದಿತ್ತು, ಬಾಯಿ ತೆರೆದಿತ್ತು, ಎರಡೂ ಕಣ್ಣಲ್ಲಿ ನೀರು. ಹೊಗೆ ಪೂರ್ತಿ ಚೆದುರುವವರೆಗೆ ಆಕೆ ಆಕಾಶದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು.

"ಉಸ್ಮಾನಾ, ನಮ್ಮ ಬಾಣ ಎಲ್ಲಾನೂ ಹಿಂಗ ಹೋಗತಿದ್ದುವೇನೋ?"

ಉಸ್ಮಾನ ಹೌದೆಂದು ತಲೆಯಾಡಿಸಿದ.

"ಮತ್ತ ನಿಮ್ಮಪ್ಪ ಮನೀಗೆ ಬಂದು, ಬರೇ 'ಚಲೋ ಆತು' ಅಂತಿದ್ದನಲ್ಲೋ."