ಗೋಪುರದ ಮೇಲೆ

ಅಡುಗೆ ಕೆಲಸಕ್ಕೆಂದು ಯುರೋಪಿನ ಆ ರಾಜಧಾನಿಗೆ ಬಂದ ದೇವೀರಮ್ಮ ಎರಡು ವರ್ಷಗಳಿಂದ ಒಬ್ಬಳೇ ಹೊಸ್ತಿಲು ದಾಟಿರಲಿಲ್ಲ. ಅವಳ ಪಾಸ್‌ಪೋರ್ಟ್ ಯಜಮಾನಿಯ ಬೀರುವಿನಲ್ಲಿತ್ತು. ಊರಿಗೆ ಕಳಿಸಿ ಎಂದಾಗಲೆಲ್ಲ, "ಮುಂದಿನ ವರ್ಷ ನೋಡೋಣ" ಎಂಬುದೇ ಉತ್ತರ.

ಯಜಮಾನಿಯ ತಾಯಿ ಊರಿನಿಂದ ಬಂದರು. ಹಳೇ ಪೇಟೆಯ ಚೌಕದಲ್ಲಿದ್ದ ಆರುನೂರು ವರ್ಷದ ಗಡಿಯಾರದ ಗೋಪುರವನ್ನು ಹತ್ತಲೇಬೇಕೆಂದು ಹಟ ಹಿಡಿದರು.

"ಅಮ್ಮನ್ನ ಹುಷಾರಾಗಿ ಹತ್ತಿಸು. ನಾನು ಬಾಗಿಲಲ್ಲೇ ನಿಂತಿರ್ತೀನಿ," ಎಂದಳು ಮಂಡಿನೋವಿನ ಯಜಮಾನಿ.

ಕಲ್ಲಿನ ಸುತ್ತು ಮೆಟ್ಟಿಲು ಉಸಿರು ಕಟ್ಟುವಷ್ಟು ಇಕ್ಕಟ್ಟಾಗಿತ್ತು. ಮೇಲೆ ಬಂದರೆ ಕಣ್ಣಿಗೆಟುಕುವವರೆಗೂ ಕೆಂಪು ಹೆಂಚು, ಚರ್ಚಿನ ಚೂಪು ಶಿಖರಗಳು, ಸೇತುವೆ. ದೇವೀರಮ್ಮನಿಗೆ ಅಳು ಬಂತು.

"ಯಾಕೆ ಅಳ್ತೀಯ?"

"ಇಷ್ಟು ದೊಡ್ಡ ಊರು ಇಲ್ಲೇ ಇತ್ತಾ, ಅಮ್ಮಾವ್ರೇ?"

ಅಷ್ಟರಲ್ಲಿ ಮುದುಕಿಯ ಫೋನ್ ಹೊಡೆದುಕೊಂಡಿತು.

"ಅಮ್ಮಾ, ಅವಳು ನಿನ್ನ ಜೊತೇಲೇ ಇದ್ದಾಳಾ?"

"ಇದ್ದಾಳೆ ಕಣೇ. ನಂಗೆ ಸುಸ್ತಾಗಿದೆ, ಅರ್ಧ ಗಂಟೆ ಕೂತ್ಕೊಂಡು ಬರ್ತೀವಿ."

ಫೋನ್ ಇಟ್ಟ ಮುದುಕಿ ಕೈಚೀಲದಿಂದ ದೇವೀರಮ್ಮನ ಪಾಸ್‌ಪೋರ್ಟ್ ತೆಗೆದು ಅವಳ ಕೈಗಿಟ್ಟರು. "ನಮ್ಮ ರಾಯಭಾರ ಕಚೇರಿಯ ವಿಳಾಸ ಒಳಗಿದೆ. ಇಳಿಯೋಕೆ ಆ ಕಡೆ ಬೇರೆ ಮೆಟ್ಟಿಲಿದೆ, ಹಿಂದಿನ ಬೀದಿಗೆ ಹೋಗುತ್ತೆ. ಹೊರಡು ತಾಯಿ."